ಬೆಳಕು ಹೋದರೆ ಪಾಸು

ಬೆಳಕು ಬಂದರೆ ಖುಷಿಪಡುವವರು ಲೋಕದಲ್ಲೆಲ್ಲ ಇದ್ದಾರೆ. ಬೆಳಕು ಹೋದರೆ ಕುಣಿದಾಡುತ್ತಿದ್ದವರು ನೈರೋಬಿಯಲ್ಲಿ ನಾವಿಬ್ಬರೇ: ನಾನು ಮತ್ತು ನಮ್ಮ ಲ್ಯಾಬಿನ ಮುಖ್ಯಸ್ಥೆ. ಇಂಥ ಉದ್ಯೋಗ ಹಿಡಿದವರನ್ನು ಫಜೀತಿಗಳು ತಾವಾಗಿ ಹುಡುಕಿಕೊಂಡು ಬರುತ್ತವೆ.

ಕೆಲಸ ಇಷ್ಟೇ. ಗಾಜಿನ ಚೂರಿನ ಮೇಲೆ ಕಂಡೂ ಕಾಣದಷ್ಟು ತೆಳುವಾದ ಚಿನ್ನದ ಪದರ ಕೂರಿಸಿ, ಗಾಜಿನ ಕಡೆಯಿಂದ ಕೆಂಪು ಲೇಸರ್ ಬಿಡುವುದು. ಬೆಳಕು ಚಿನ್ನಕ್ಕೆ ತಾಗಿ ಮರಳಿ, ಗೋಡೆಯ ಮೇಲೆ ಚುಕ್ಕೆಯಾಗಿ ಬೀಳುತ್ತದೆ. ಆದರೆ ಒಂದೇ ಒಂದು ಕೋನದಲ್ಲಿ, ಉಯ್ಯಾಲೆಯನ್ನು ಹದವರಿತು ತಳ್ಳಿದ ಹಾಗೆ, ಅದು ಚಿನ್ನದ ಮೈಮೇಲಿನ ಎಲೆಕ್ಟ್ರಾನುಗಳಲ್ಲಿ ಅಲೆಯೆಬ್ಬಿಸಿ ಅಲ್ಲೇ ಕರಗಿಹೋಗುತ್ತದೆ. ಪ್ಲಾಸ್ಮಾನ್ ಅಲೆ ಅಂದರೆ ಅದೇ. ಚುಕ್ಕೆ ಮಾಯವಾದರೆ ನಾವು ಪಾಸು. ಮೆಕ್ಕೆಜೋಳದ ಬೂಷ್ಟಿನ ವಿಷ ಚಿನ್ನಕ್ಕೆ ಅಂಟಿದರೆ ಆ ಕೋನ ತುಸು ಜರುಗುತ್ತದೆ, ವಿಷ ಸಿಕ್ಕಿಬೀಳುತ್ತದೆ.

ಪೋಲಿ

ಮೈಸೂರಿನಿಂದ ಬಂದ ಹೊಸತು. ಮೊದಲ ದಿನವೇ ಇಕ್ಕಳ ಜಾರಿ ಚಿನ್ನದ ಪದರ ಗೀಚಿಹೋಯಿತು. ಮುಖ್ಯಸ್ಥೆ ಕೀನ್ಯಾದವರೇ. ಹತ್ತಿರ ಬಂದು ಭುಜ ತಟ್ಟಿ "ಪೋಲೆ" ಅಂದರು. ನನಗೆ ಕೇಳಿಸಿದ್ದು ಪೋಲಿ! ಆಮೇಲೆ ಕೋನದ ತಿರುಗಣೆ ತಿರುಗಿಸುವಾಗ ಬೆನ್ನ ಹಿಂದಿನಿಂದ "ಪೋಲೆ ಪೋಲೆ!" ಸಂಜೆ ಮಟಾಟು ಅನ್ನೋ ಬಾಡಿಗೆ ವ್ಯಾನು ಹತ್ತುವಾಗ ಕಾಲು ಜಾರಿದರೆ ಕಂಡಕ್ಟರನೂ "ಪೋಲೆ!" ಊರಿಗೆಲ್ಲ ನನ್ನ ಚರಿತ್ರೆ ಗೊತ್ತಾದ ಹಾಗಿತ್ತು.

ತಡೆಯಲಾರದೆ ಮುಖ್ಯಸ್ಥೆಯನ್ನೇ ಕೇಳಿದೆ. "ನಮ್ಮ ಸ್ವಾಹಿಲೀಲಿ ಒಂದು ಸಲ ಅಂದ್ರೆ ಅಯ್ಯೋ ಪಾಪ, ಎರಡು ಸಲ ಅಂದ್ರೆ ನಿಧಾನ. ನಿಮ್ಮ ಭಾಷೇಲಿ ಏನರ್ಥ?" ಅಂದರು. ಹೇಳಬಾರದಿತ್ತು, ಹೇಳಿದೆ. ಅಂದಿನಿಂದ ಅವರು ಆ ಮಾತನ್ನು ಅಚ್ಚಗನ್ನಡದಲ್ಲೇ ಆಡತೊಡಗಿದರು.

ಯಾರವಳು?

ಒಮ್ಮೆ ಹೆಂಡತಿ ಫೋನ್ ಮಾಡಿದಾಗ ಅವಸರದಲ್ಲಿ, "ಆಮೇಲೆ ಮಾಡ್ತೀನಿ ಕಣೇ, ಚಿನ್ನಾನ ಕೈಯಲ್ಲಿ ಹಿಡ್ಕೊಂಡಿದ್ದೀನಿ" ಅಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಲಂಗಾಟಾದ ಮನೆಯಿಂದ ಹೆಂಡತಿ, ಮಗಳು ಇಬ್ಬರೂ ಹಾಜರ್.

"ಯಾರ್ರೀ ಅವಳು ಚಿನ್ನ?"

ಗಾಜಿನ ಚೂರು ತೋರಿಸಿದೆ. ಅವಳು ಅದನ್ನು ಕಿಟಕಿಗೆ ಹಿಡಿದು ನೋಡಿದಳು. ಅಷ್ಟು ತೆಳುವಾದ ಚಿನ್ನವನ್ನು ತೂರಿ ಬರುವ ಬೆಳಕು ಹಸಿರು.

"ರೀ, ಚಿನ್ನ ಹಸಿರಾಗಿರತ್ತಾ? ಯಾರೋ ನಿಮ್ಗೆ ಟೋಪಿ ಹಾಕಿದ್ದಾರೆ."

ಮಗಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮಮ್ಮಿ, ಅಟ್ ಲೀಸ್ಟ್ ಇಟ್ಸ್ ನಾಟ್ ಎ ವುಮನ್" ಅಂದಳು.

ಕರೆಂಟು

ಆಮೇಲೆ ಲ್ಯಾಬನ್ನು ನಡೆಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಒಂದು ತಂಡ ಬಂತು. ಚುಕ್ಕೆ ಮಾಯವಾಗುವುದನ್ನು ಅವರು ಕಣ್ಣಾರೆ ಕಾಣಬೇಕು. ಇಲ್ಲದಿದ್ದರೆ ಲ್ಯಾಬಿಗೆ ಬೀಗ, ನನಗೆ ಬೆಂಗಳೂರಿನ ವಿಮಾನ. ಮೂಲೆಯ ಮೇಜುದೀಪವೊಂದನ್ನು ಬಿಟ್ಟು ಎಲ್ಲ ಆರಿಸಿ, "ಸರಿಯಾದ ಕೋನ ಬಂದಾಗ ಬೆಳಕು ತಾನಾಗಿ ಹೋಗುತ್ತೆ, ನೋಡ್ತಿರಿ" ಅಂದೆ.

ತಿರುಗಣೆ ಇನ್ನೂ ಮುಟ್ಟಿರಲಿಲ್ಲ, ಚುಕ್ಕೆ ಹೋಯಿತು. ಮೂಲೆಯ ದೀಪವೂ ಹೋಯಿತು. ಫ್ರಿಜ್ಜಿನ ಗೊರಗೊರವೂ ನಿಂತಿತು. ತಂಡದ ಹಿರಿಯರು ಕತ್ತಲಲ್ಲೇ ಎದ್ದು ಜೋರಾಗಿ ಚಪ್ಪಾಳೆ ತಟ್ಟಿದರು.

ಮುಖ್ಯಸ್ಥೆ ನನ್ನ ಕಿವಿಯಲ್ಲಿ, "ಸುಮ್ನಿರು, ಮೊದಲು ಒಪ್ಪಿಗೆ ಕೊಡ್ಲಿ" ಅಂದರು. ಹಾಳು ಬಾಯಿ, ಅಷ್ಟರಲ್ಲೇ "ಸರ್, ಕರೆಂಟ್ ಹೋಯ್ತು" ಅಂದಾಗಿತ್ತು. ಚಪ್ಪಾಳೆ ನಿಂತಿತು.

ಜನರೇಟರ್ ಬಂತು, ಚುಕ್ಕೆಯೂ ಬಂತು. ಪೋಲೆ ಪೋಲೆ ಎಂದುಕೊಳ್ಳುತ್ತ ತಿರುಗಿಸಿದೆ. ಚುಕ್ಕೆ ಮಸುಕಾಯಿತು, ಮತ್ತೂ ಮಸುಕಾಯಿತು, ಮಾಯವಾಯಿತು! ಹಿಗ್ಗಿ ಹೀರೇಕಾಯಿಯಾಗಿ ಹಿಂದೆ ತಿರುಗಿದರೆ ಒಂದು ಚಪ್ಪಾಳೆಯೂ ಇಲ್ಲ. ಹಿರಿಯರು ಕನಿಕರದಿಂದ ನನ್ನ ಕೈ ಹಿಡಿದು, "ಪೋಲೆ ಸಾನಾ, ತುಂಬಾ ಪಾಪ. ಜನರೇಟರೂ ಹೋಯ್ತಾ?" ಅಂದರು.

ಮುಖ್ಯಸ್ಥೆ ಮೂಲೆಯಲ್ಲಿ ಉರಿಯುತ್ತಿದ್ದ ದೀಪದತ್ತ ಬೆರಳು ತೋರಿದರು. ಹಿರಿಯರು ದೀಪ ನೋಡಿದರು, ಗೋಡೆ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಲ್ಯಾಬ್ ಉಳಿಯಿತು.

ಈಗ ಹೊಸ ಕಟ್ಟಡ, ದೊಡ್ಡ ಬ್ಯಾಟರಿ. ಕರೆಂಟು ಹೋಗುವುದೇ ಇಲ್ಲ, ನನಗೋ ಬೇಜಾರು. ಮುಖ್ಯಸ್ಥೆ ನಿವೃತ್ತಿಯಾಗಿ ನಕುರುವಿನಲ್ಲಿದ್ದಾರೆ, ಅವರಿಲ್ಲದ ಲ್ಯಾಬು ಬಿಕೋ ಅನ್ನುತ್ತದೆ. ಆದರೆ ಅವರೂರಲ್ಲಿ ಕರೆಂಟು ಹೋದಾಗಲೆಲ್ಲ ತಪ್ಪದೆ ಫೋನ್ ಮಾಡುತ್ತಾರೆ:

"ಏ ಪೋಲಿ, ನಾವು ಪಾಸು!"