ಮಗುಚಿ ನೋಡದ ಪ್ರಾಸ್ಪೆಕ್ಟಸ್

ವಯಸ್ಸಾದವರಿಗೆ ಬಿ.ಪಿ., ಶುಗರ್ ಬರುವ ಹಾಗೆ ರಿಟೈರ್ ಆದ ಇಂಗ್ಲಿಷ್ ಟೀಚರುಗಳಿಗೂ ಒಂದು ಕಾಯಿಲೆ ಬರುತ್ತದೆ. ಯಾರು ಯಾವ ಕಾಗದ ಹಿಡಿದು ಎದುರಿಗೆ ಬಂದರೂ ‘ಕೊಡಿ ಇಲ್ಲಿ’ ಎಂದು ಕೈ ಚಾಚುವ ಕಾಯಿಲೆ. ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಮಾತ್ರೆ ಡಬ್ಬಿಯೊಳಗಿನ ಚೀಟಿ, ಮಿಕ್ಸಿಯ ಗ್ಯಾರಂಟಿ ಕಾರ್ಡು, ಕೋರ್ಟಿನ ನೋಟಿಸು ಎಲ್ಲವೂ ನನ್ನ ಕನ್ನಡಕದ ಕೆಳಗೆ ಹಾದೇ ಮುಂದಕ್ಕೆ ಹೋಗುತ್ತಿದ್ದವು. ಈ ಕಾಯಿಲೆಯ ಬೇರು ನಾನು ಓದಿದ ಬಳ್ಳಾರಿಯ ಕಾನ್ವೆಂಟಿನಲ್ಲಿದೆ. ಅಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಒಬ್ಬರಿದ್ದರು. ಯಾರದೇ ಪತ್ರ ಬಂದರೂ ಮೊದಲು ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಿನಲ್ಲಿ ಸವರಿ, ‘ಗುಡ್ ಪೇಪರ್, ಗುಡ್ ಫ್ಯಾಮಿಲಿ’ ಅನ್ನುತ್ತಿದ್ದರು. ಆ ತಾಯಿ ಹೋಗಿ ಎಷ್ಟೋ ವರ್ಷವಾಯಿತು. ಅವರ ಲ್ಯಾವೆಂಡರ್ ಸೋಪಿನ ವಾಸನೆ ಮರೆತರೂ ಈ ಮಾತನ್ನು ನಾನು ಮರೆಯಲಿಲ್ಲ. ಮರೆತಿದ್ದರೆ ಒಳ್ಳೆಯದಿತ್ತು.

ನನ್ನ ಮನೆಯ ಮಹಡಿಯ ಮೇಲೆ ಶಶಿಕಲಾ ಬಾಡಿಗೆಗಿದ್ದಳು. ಮೊಳಕಾಲ್ಮೂರಿನ ನೇಕಾರರ ಹುಡುಗಿ, ಹೈಸ್ಕೂಲಿನಲ್ಲಿ ನನ್ನ ಶಿಷ್ಯೆ, ಆಮೇಲೆ ಬಿ.ಇ. ಮಾಡಿ ನಮ್ಮೂರಿನ ಖಾಸಗಿ ಕಾಲೇಜೊಂದರಲ್ಲಿ ಲೆಕ್ಚರರ್. ಅವಳನ್ನು ಕಂಡಾಗಲೆಲ್ಲ ನನಗೊಂದು ಹಳೆಯ ದೃಶ್ಯ ನೆನಪಾಗುತ್ತಿತ್ತು. ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಹಿಂದಿನ ಪುಟವನ್ನು ನೋಡದೆ ಉತ್ತರ ಬರೆದು ಬಂದಿದ್ದಳು. ನಾನು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ‘ಪಿ.ಟಿ.ಓ. ಅಂದರೆ ಏನು? ಪ್ಲೀಸ್ ಟರ್ನ್ ಓವರ್! ಜೀವನದಲ್ಲಿ ಒಂದಾದರೂ ಕಾಗದದ ಹಿಂಬದಿ ನೋಡು!’ ಎಂದು ಇಡೀ ಕ್ಲಾಸಿಗೆ ಕೇಳುವಂತೆ ಉಪನ್ಯಾಸ ಕೊಟ್ಟಿದ್ದೆ. ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿತ್ತು ಮಗು.

ಇವಳ ತಾಯಿ ನರಸಮ್ಮನಿಗೆ ಮಾತ್ರ ಆ ಉಪನ್ಯಾಸ ಬೇಕಿರಲಿಲ್ಲ. ಮಗ್ಗದ ಮುಂದೆ ಹುಟ್ಟಿ ಬೆಳೆದ ಹೆಂಗಸು. ಸೀರೆ ಕೈಗೆ ಸಿಕ್ಕರೆ ಸೆರಗು, ಅಂಚು ನೋಡುವುದೇ ಇಲ್ಲ. ಮೊದಲು ಮಗುಚಿ ಹಿಂಬದಿ ನೋಡುತ್ತಾರೆ, ಎಳೆ ಜೋತುಬಿದ್ದಿದೆಯೋ, ಗಂಟು ಉಳಿದಿದೆಯೋ ಎಂದು. ಅಷ್ಟಾದರೆ ಪರವಾಗಿಲ್ಲ. ಮಗಳಿಗೆ ಮನೆ ನೋಡಲು ಬಂದ ದಿನ ನನ್ನ ಬೀರುವಿನ ಹಿಂದಿನ ಗೋಡೆ, ಬಾಗಿಲಿನ ಹಿಂಬದಿ, ಬಕೆಟ್ಟಿನ ತಳ ಎಲ್ಲ ನೋಡಿದರು. ತಿನ್ನಲು ಕೊಟ್ಟ ದೋಸೆಯನ್ನೂ ಮಗುಚಿದರು. ‘ಮುಂದ್ಗಡೆ ಎಲ್ಲಾರೂ ಚಂದಾಗೇ ಇರ್ತಾರಮ್ಮ’ ಅಂದರು. ನನಗೆ ಶಾಕ್! ನನ್ನ ದೋಸೆಗೆ ಆ ದಿನದವರೆಗೆ ಇಂಥ ಅವಮಾನ ಆಗಿರಲಿಲ್ಲ.

ಒಂದು ಸಂಜೆ ಶಶಿಕಲಾ ಬಾಡಿದ ಮುಖದಲ್ಲಿ ಕೆಳಗಿಳಿದು ಬಂದಳು. ಕಾಲೇಜಿನವರು ನೋಟಿಸು ಹಚ್ಚಿದ್ದರಂತೆ: ಎಂ.ಟೆಕ್. ಇಲ್ಲದವರು ಈ ವರ್ಷವೇ ಎಲ್ಲಾದರೂ ಸೇರಿರಬೇಕು, ಇಲ್ಲವಾದರೆ ಮುಂದಿನ ವರ್ಷದಿಂದ ಬರಬೇಕಾಗಿಲ್ಲ. ಕೆಲಸ ಬಿಟ್ಟು ಓದಲು ಹೋಗುವಂತಿಲ್ಲ. ಅಪ್ಪನ ಕಣ್ಣು ಮಂಜಾಗಿ ಮಗ್ಗ ನಿಂತಿತ್ತು, ಮನೆ ನಡೆಯುತ್ತಿದ್ದುದೇ ಇವಳಿಂದ. ‘ಮಿಸ್, ಈಗ ಆನ್‌ಲೈನ್‌ನಲ್ಲೇ ಎಂ.ಟೆಕ್. ಐತಂತೆ. ಯಾವುದಕ್ಕೆ ಸೇರ್ಬೇಕೋ ಗೊತ್ತಾಗ್ತಿಲ್ಲ. ನೀವೇ ನೋಡಿ ಹೇಳ್ರಿ’ ಅಂದಳು.

ಮೈ ಗುಡ್‌ನೆಸ್! ಇಂಜಿನಿಯರಿಂಗನ್ನು ಕಂಪ್ಯೂಟರಿನಲ್ಲಿ ಕಲಿಯುವುದೆಂದರೆ ಈಜನ್ನು ಅಂಚೆಯಲ್ಲಿ ಕಲಿತಂತಲ್ಲವೇ? ಮುಂದೆ ಇಂಥವರು ಕಟ್ಟಿದ ಸೇತುವೆಯ ಮೇಲೆ ನಾನು ಬಸ್ಸಿನಲ್ಲಿ ಹೋಗಬೇಕೇ? ಆದರೆ ಕಾಯಿಲೆ ಕೇಳಬೇಕಲ್ಲ. ನನ್ನ ಕೈ ಆಗಲೇ ಚಾಚಿಯಾಗಿತ್ತು.

ಮರುದಿನ ಇಬ್ಬರೂ ಬಸ್‌ಸ್ಟ್ಯಾಂಡಿನ ಹತ್ತಿರ ಖಲೀಲ್ ಸಾಬರ ಸೈಬರ್ ಸೆಂಟರಿಗೆ ಹೋದೆವು. ಅರ್ಧ ಅಂಗಡಿ ಎಸ್‌ಟಿಡಿ ಬೂತು, ಅರ್ಧ ಇಂಟರ್‌ನೆಟ್ಟು. ‘ಆವೋ ಮೇಡಂ, ಕೂತ್ಕೊಳ್ರಿ. ನೆಟ್ ಬರೋಕೆ ಟೈಮ್ ಐತೆ, ಅಷ್ಟ್ರಾಗೆ ಚಾಯ್ ಕುಡೀರಿ’ ಅಂದರು. ಚಹಾ ಮುಗಿದಾಗ ಪರದೆಯ ಮೇಲೆ ಆಕಾಶ ಕಾಣಿಸಿತು. ಇನ್ನೊಂದು ಚಹಾ ಆಗುವಾಗ ಗಡಿಯಾರದ ಗೋಪುರ. ಆಮೇಲೆ ಐವಿ ಬಳ್ಳಿ ಹಬ್ಬಿದ ಕಿಟಕಿಗಳು. ನಮ್ಮ ಕಾನ್ವೆಂಟಿನ ಕಿಟಕಿಗಳ ಹಾಗೆಯೇ! ನನ್ನ ಎದೆ ತುಂಬಿ ಬಂತು. ಇನ್ನೇನು ಯೂನಿವರ್ಸಿಟಿಯ ಬಾಗಿಲು ಕಾಣಬೇಕು, ಕರೆಂಟು ಹೋಯಿತು. ‘ಬಾಗ್ಲು ನಾಳೆ ನೋಡ್ರಿ ಮೇಡಂ’ ಅಂದರು ಖಲೀಲ್ ಸಾಬರು. ಬಾಗಿಲಿಲ್ಲದ ಆ ಯೂನಿವರ್ಸಿಟಿಗೂ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದ ಇನ್ನೊಂದು ಆನ್‌ಲೈನ್ ಸಂಸ್ಥೆಗೂ ಪ್ರಾಸ್ಪೆಕ್ಟಸ್ ಕಳಿಸಿರೆಂದು ಕಾಗದ ಬರೆದೆವು.

ಎರಡೂ ಬಂದವು. ಪೇಪರಿನ ಸಂಸ್ಥೆಯದು ಸಂತೆಯಲ್ಲಿ ಬೆಲ್ಲ ಕಟ್ಟಿಕೊಡುವಂಥ ಕಂದು ಕಾಗದ. ಪ್ರವೇಶ ಪರೀಕ್ಷೆ ಬರೆಯಬೇಕು, ತಿಂಗಳಿಗೊಮ್ಮೆ ದಾವಣಗೆರೆಯ ಸೆಂಟರಿನಲ್ಲಿ ಲ್ಯಾಬ್ ಮಾಡಬೇಕು, ತಪ್ಪಿಸಿಕೊಂಡರೆ ಹೊರಗೆ. ಒಂದು ‘ಡಿಯರ್’ ಇಲ್ಲ, ‘ವೆಲ್‌ಕಮ್’ ಇಲ್ಲ, ಬರೀ ಗದರಿಕೆ. ಇನ್ನೊಂದರದು ಮದುವೆ ಕಾರ್ಡಿನಂಥ ಕಾಗದ, ಮುಟ್ಟಿದರೆ ರೇಷ್ಮೆ. ನಾನು ಜೋರಾಗಿಯೇ ಓದಿದೆ. ಪರೀಕ್ಷೆಗಳ ಭಯದಿಂದ ಕಲಿಯುವವರ ಮನಸ್ಸು ಮುದುಡಬಾರದು, ನಾವು ನಿಮ್ಮನ್ನು ನಂಬುತ್ತೇವೆ, ಎಂದು ಎಂಥ ಇಂಗ್ಲಿಷಿನಲ್ಲಿ ಬರೆದಿದ್ದರು! ಚಳ್ಳಕೆರೆಯಲ್ಲಿ ಅಷ್ಟು ಒಳ್ಳೆಯ ಇಂಗ್ಲಿಷ್ ಓದಿ ಎಷ್ಟು ದಿನವಾಗಿತ್ತು! ಕಣ್ಣು ಒದ್ದೆಯಾಯಿತು.

‘ಮಿಸ್, ಇವ್ರು ಲ್ಯಾಬ್ ಎಲ್ಲಿ ಮಾಡಿಸ್ತಾರೆ ಅಂತ ಬರೆದಿಲ್ವಲ್ಲ?’ ಅಂದಳು ಶಶಿಕಲಾ.

‘ಮೈ ಡಿಯರ್ ಗರ್ಲ್, ನಂಬುತ್ತೇವೆ ಅಂದವರನ್ನು ಹಾಗೆಲ್ಲ ಕೇಳೋದು ಮ್ಯಾನರ್ಸ್ ಅಲ್ಲ’ ಎಂದೆ. ‘ಪೇಪರ್ ನೋಡು. ಗುಡ್ ಪೇಪರ್, ಗುಡ್ ಫ್ಯಾಮಿಲಿ.’

ಮಿಸ್ ಹೇಳಿದ ಮೇಲೆ ಮುಗಿಯಿತು. ಕಂದು ಕಾಗದದ್ದನ್ನು ಅಡುಗೆಮನೆಯ ಗೂಡಿನಲ್ಲಿ ಉಪ್ಪಿನಕಾಯಿ ಜಾಡಿಯ ಕೆಳಗೆ ಹಾಸಿದೆ. ಜಾಡಿ ಇಡಲು ಹೇಳಿ ಮಾಡಿಸಿದಂತಿತ್ತು. ಶನಿವಾರ ಬೆಳಿಗ್ಗೆ ಶಶಿಕಲಾ ರೇಷ್ಮೆ ಯೂನಿವರ್ಸಿಟಿಯ ಫಾರಂ ತುಂಬಿದಳು. ಅವರು ಕೇಳಿದ್ದಂತೆ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೂ ಕವರಿಗೆ ಸೇರಿಸಿದಳು. ಅಂಟಿಸುವುದೊಂದು ಬಾಕಿ. ಆಗ ಮೊಳಕಾಲ್ಮೂರಿನ ಬಸ್ಸಿಳಿದ ನರಸಮ್ಮ ಸೀರೆಯ ಗಂಟಿನೊಂದಿಗೆ ಒಳಗೆ ಬಂದರು. ಗಂಟಿಳಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೇಜಿನ ಮೇಲಿದ್ದ ಪ್ರಾಸ್ಪೆಕ್ಟಸನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿದರು. ಆಮೇಲೆ ಏನು ಮಾಡಿದರೆಂದು ಹೇಳಬೇಕೇ? ಮಗುಚಿದರು.

‘ಇದೇನ್ರಿ ಟೀಚರಮ್ಮ, ಹಿಂದ್ಗಡೆ ಇರುವೆ ಹರಿದಂಗೆ ಸಣ್ಣಕೆ ಬರ್ದೈತಲ್ಲ?’

‘ಅದು ಪ್ರಿಂಟ್ ಮಾಡಿದವರ ಅಡ್ರೆಸ್ ಇರುತ್ತೆ ನರಸಮ್ಮ.’

‘ಮುಂದ್ಗಡೆ ಕುಂಬಳಕಾಯಿ ಗಾತ್ರ ಬರ್ದು ಹಿಂದ್ಗಡೆ ಯಾಕಿಷ್ಟ್ ಸಣ್ಣಕೆ? ಓದ್ರಿ ಅದ್ನ.’

‘ಅವ್ವ, ಸುಮ್ನಿರು. ಮಿಸ್ ಎಲ್ಲಾ ಓದ್ಯಾರೆ’ ಅಂದಳು ಮಗಳು.

‘ಓದಿದ್ರೆ ಇನ್ನೊಂದ್ ಸಲ ಓದ್ಲಿ. ಬಾಯೇನ್ ಸವೀತದಾ?’

ಸವೆಯಲಿಲ್ಲ, ಒಣಗಿತು. ಭೂತಗನ್ನಡಿ ಹಿಡಿದು ಓದತೊಡಗಿದೆ. ಬೂದು ಬಣ್ಣದ ಆ ನಾಲ್ಕು ಸಾಲುಗಳ ಇಂಗ್ಲಿಷ್ ಕೂಡ ಬಹಳ ಚೆನ್ನಾಗಿತ್ತು. ಈ ಪದವಿ ಅಭ್ಯರ್ಥಿಯ ಆತ್ಮಸಂತೋಷಕ್ಕೆ ಮಾತ್ರ. ನೌಕರಿಗಾಗಲೀ ಬಡ್ತಿಗಾಗಲೀ ಇದು ನಡೆಯುತ್ತದೆಂದು ನಾವು ಹೇಳುವುದಿಲ್ಲ. ಕಳಿಸಿದ ಯಾವ ಕಾಗದವನ್ನೂ ಹಿಂದಿರುಗಿಸುವುದಿಲ್ಲ. ಮೊದಲ ಸಾಲನ್ನು ಕ್ಲಾಸಿನಲ್ಲಿ ಓದುವ ದನಿಯಲ್ಲಿ ಓದಿದವಳು ಕೊನೆಯ ಸಾಲಿಗೆ ಬರುವಾಗ ಗುಟ್ಟು ಹೇಳುವವಳ ಹಾಗೆ ಓದುತ್ತಿದ್ದೆ. ಕನ್ನಡದಲ್ಲಿ ಹೇಳಿದಾಗ ನರಸಮ್ಮ, ‘ಆತ್ಮಸಂತೋಷಕ್ಕಾ? ಅದ್ಕೆ ನಮ್ಮೂರ ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿದ್ರೆ ಸಾಕಿತ್ತಲ್ಲ!’ ಅಂದರು. ಶಶಿಕಲಾ ಕವರಿನಿಂದ ಮಾರ್ಕ್ಸ್ ಕಾರ್ಡುಗಳನ್ನು ಒಂದೊಂದಾಗಿ ಹೊರಗೆ ತೆಗೆದಳು.

‘ಮಿಸ್, ಆ ಇನ್ನೊಂದರ ಲಾಸ್ಟ್ ಡೇಟ್ ಯಾವತ್ತು?’

ಜಾಡಿ ಎತ್ತಿ ನೋಡಿದೆವು. ಆ ದಿನವೇ! ಸಂಜೆ ಐದರೊಳಗೆ ದಾವಣಗೆರೆಯ ಸೆಂಟರಿನಲ್ಲಿ ಖುದ್ದಾಗಿ ಕೊಡಬಹುದು. ಆಗ ಹತ್ತೂವರೆ. ಫಾರಮ್ಮಿನ ಮಧ್ಯದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆ ದುಂಡಗೆ ಉಂಗುರ ಬಿಡಿಸಿತ್ತು, ಎಣ್ಣೆಯ ಮೇಲೆ ಪೆನ್ನು ಓಡದು. ನರಸಮ್ಮ ಕಡಲೆಹಿಟ್ಟು ಉದುರಿಸಿ, ಮೇಲೆ ಕಾಗದ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದರು. ಎಣ್ಣೆ ಬಿದ್ದ ಸೀರೆಗೆ ಮಾಡುವ ಹಾಗೆ. ಶಶಿಕಲಾ ತುಂಬಿದಳು. ನಾನು ಪ್ರತಿಯೊಂದು ಹಾಳೆಯನ್ನೂ ಎರಡೆರಡು ಸಲ ಮಗುಚಿ ನೋಡಿದೆ, ಖಾಲಿ ಹಾಳೆಗಳನ್ನೂ ಸಹ. ಮೂವರೂ ಬಸ್‌ಸ್ಟ್ಯಾಂಡಿಗೆ ಓಡಿದೆವು. ನನ್ನ ಮಂಡಿಗೆ ಅಷ್ಟು ಓಟ ಇನ್ನೂ ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ. ಬಸ್ಸು ಹೊರಟಾಗ ಕಿಟಕಿಯಲ್ಲಿ ಶಶಿಕಲಾಳ ಮುಖ ಕಾಣಿಸಿತು. ಬೈಯಬಹುದಿತ್ತು, ಬೈಯಲಿಲ್ಲ. ತುಟಿ ಕಚ್ಚಿ ನಗು ತಡೆದುಕೊಂಡು ಮೂರೇ ಅಕ್ಷರ ಹೇಳಿದಳು:

‘ಮಿಸ್, ಪಿ.ಟಿ.ಓ.’

ಬೆಂಚಿನ ಮೇಲೆ ನಿಲ್ಲಿಸಿದ್ದು ಅವಳಿಗೂ ನೆನಪಿತ್ತು. ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬೆಂಚೊಂದು ಖಾಲಿಯಿತ್ತು. ಹತ್ತಿ ನಿಲ್ಲೋಣ ಅನ್ನಿಸಿತು, ಮಂಡಿ ಒಪ್ಪಲಿಲ್ಲ.

ನಾಲ್ಕೂವರೆಗೆ ಫಾರಂ ಕೊಟ್ಟಳಂತೆ. ಕೌಂಟರಿನವನು ಮೂಸಿ ನೋಡಿ, ‘ಮಾವಿನಕಾಯಾ ಮೇಡಂ?’ ಎಂದು ಕೇಳಿ ಸೀಲು ಹಾಕಿದನಂತೆ. ಆ ಕಂದು ಕಾಗದದ ಸಂಸ್ಥೆ ಮೂರು ವರ್ಷ ಅವಳನ್ನು ಗದರಿ, ದಾವಣಗೆರೆಗೆ ಓಡಾಡಿಸಿ, ಒಂದು ಸಲ ಫೇಲೂ ಮಾಡಿ, ಕೊನೆಗೆ ಎಂ.ಟೆಕ್. ಕೊಟ್ಟಿತು. ಕೆಲಸ ಉಳಿಯಿತು. ಸರ್ಟಿಫಿಕೇಟಿನ ಕಾಗದ ಮಾತ್ರ ಈಗಲೂ ನನಗೆ ಸ್ವಲ್ಪ ತೆಳು ಅನ್ನಿಸುತ್ತದೆ.

ಸರ್ಟಿಫಿಕೇಟು ಬಂದ ವಾರವೇ ನರಸಮ್ಮ ಬಂದು ಒಂದು ಸೀರೆಯನ್ನು ನನ್ನ ಮಡಿಲಲ್ಲಿಟ್ಟರು. ನವಿಲು ಬಣ್ಣ, ಗಿಳಿಸಾಲಿನ ಅಂಚು. ಕಣ್ಣಿನ ಆಪರೇಷನ್ ಆದ ಮೇಲೆ ಅವರ ಯಜಮಾನರು ಮೊದಲು ನೇಯ್ದ ಸೀರೆಯಂತೆ. ನಾನು ಪಾಠ ಕಲಿತವಳಲ್ಲವೇ? ನವಿಲನ್ನೂ ನೋಡಲಿಲ್ಲ, ಗಿಳಿಯನ್ನೂ ನೋಡಲಿಲ್ಲ. ಸರಕ್ಕನೆ ಮಗುಚಿ, ಕನ್ನಡಕ ಏರಿಸಿ, ಹಿಂಬದಿಯ ಎಳೆ ಎಳೆಯನ್ನೂ ಪರೀಕ್ಷೆ ಮಾಡತೊಡಗಿದೆ.

ನರಸಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡಿದರು. ‘ಏನ್ ಟೀಚರಮ್ಮ, ಉಡುಗೊರೆ ಕೊಟ್ಟಿದ್ನೂ ಯಾರಾನ ಮಗುಚಿ ನೋಡ್ತಾರಾ? ಮ್ಯಾನರ್ಸ್ ಬ್ಯಾಡ್ವಾ?’