ಬಿರುಕಪ್ಪನ ಗೆಲುವು

ಮೂರು ವಾರ ಕಣ್ಣಲ್ಲಿ ಕಣ್ಣಿಟ್ಟು ಪೈಪಿನಲ್ಲಿ ಬೆಳೆಸಿದ ಬಿರುಕು ಬೆಳಗ್ಗೆ ಬಂದು ನೋಡಿದರೆ ಮಾಯವಾಗಿತ್ತು. ಬಿರುಕಪ್ಪ ಪೈಪನ್ನು ತಿರುಗಿಸಿ ನೋಡಿದ, ಕನ್ನಡಕ ಒರೆಸಿಕೊಂಡು ನೋಡಿದ. ಪೈಪು ಮದುಮಗನ ಕೆನ್ನೆಯ ಹಾಗೆ ನುಣ್ಣಗಿತ್ತು.

ಅಣುವಿದ್ಯುತ್ ಸ್ಥಾವರದ ಪೈಪುಗಳನ್ನು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಬಿರುಕಪ್ಪ ಎಂದೇ ಕರೆಯುತ್ತಿದ್ದರು. ಪುಣ್ಯಾತ್ಮನದು ಒಂದೇ ಹಠ. ಬಿರುಕುಬಿಟ್ಟ ಪೈಪನ್ನು ಒಂದೇ ಕಡೆಗೆ ಎಳೆದರೆ ಬಹಳ ಹೊತ್ತು ತಡೆದುಕೊಳ್ಳುತ್ತದೆ. ಭೂಕಂಪದ ಹಾಗೆ ಎಳೆದು, ಒತ್ತಿ, ಮತ್ತೆ ಎಳೆದರೆ ಬೇಗ ಸೋಲುತ್ತದೆ. ಬರೀ ಎಳೆಯುವ ಪರೀಕ್ಷೆ ನಿನ್ನೆಯೇ ಮುಗಿದಿತ್ತು. ಯಂತ್ರದ ಮುಳ್ಳು ನೂರು ಮುಟ್ಟುವ ತನಕ ಇಂಥದೇ ಬಿರುಕಿನ ಇನ್ನೊಂದು ಪೈಪು ಜಗ್ಗಿರಲಿಲ್ಲ. ಅಲುಗಾಡಿಸುವ ಪರೀಕ್ಷೆ ಇವತ್ತು ಮೂರು ಗಂಟೆಗೆ, ತಜ್ಞರೆದುರಿಗೆ. ತಪ್ಪಿದರೆ ಯಂತ್ರಕ್ಕೆ ಬೀಗ, ಬಿರುಕಪ್ಪ ಕಾಗದದ ಉಗ್ರಾಣಕ್ಕೆ ಎಂದು ನಿರ್ದೇಶಕರು ಬರೆದೇ ಕೊಟ್ಟಿದ್ದರು.

ಈ ತಿಂಗಳು ನಿವೃತ್ತಿಯಾಗಲಿದ್ದ ಬೆಸುಗೆಯಣ್ಣ ಕೈ ಒರೆಸಿಕೊಳ್ಳುತ್ತ ಬಂದ.

“ನಾನೇ ಮುಚ್ಚಿದೆ ಸಾರ್. ದೊಡ್ಡವರು ಬರೋ ದಿನ ಅಷ್ಟುದ್ದ ಬಿರುಕು ಇಟ್ಕೊಂಡ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಈಗ ಉಗುರು ಹಾಕಿದ್ರೂ ಸಿಗಲ್ಲ.”

ಬೈಯೋಣವೆಂದರೆ ಆ ಮುಖದಲ್ಲಿ ಅಷ್ಟೊಂದು ಸಂತೋಷ. ಕಪಾಟಿನಲ್ಲಿ ಇನ್ನೂ ಹನ್ನೊಂದು ಪೈಪುಗಳಿದ್ದವು, ಆದರೆ ಅವುಗಳ ಬಿರುಕುಗಳು ಎಳೆಯವು, ಇವತ್ತಿಗೆ ಆಗುವಂಥವಲ್ಲ. ಅಷ್ಟರಲ್ಲಿ ಸುದ್ದಿ ಹಬ್ಬಿ ಸಲಹೆ ಕೊಡುವವರು ನೆರೆದರು. ಶಾಯಿಯಲ್ಲಿ ಬಿರುಕು ಬರೆದುಬಿಡಿ ಎಂದ ಒಬ್ಬ. ಜ್ವರ ಬಂತೆಂದು ಮಲಗಿಬಿಡಿ ಎಂದ ಇನ್ನೊಬ್ಬ. ನಕ್ಷೆ ವಿಭಾಗದ ಅಕ್ಕ ಮಾತ್ರ, ನಿರ್ದೇಶಕರ ಬಾಗಿಲು ಮುಚ್ಚದಂತೆ ಒತ್ತಾಗಿಟ್ಟ ಪೈಪೂ ಇದೇ ಜಾತಿಯದಲ್ಲವೇ ಎಂದು ನೆನಪಿಸಿದಳು.

ಹೌದಲ್ಲ! ಹೋದ ವರ್ಷ ಉಳಿದಿದ್ದ ಪೈಪು, ಬಿರುಕೂ ಸರಿಯಾದ ಅಳತೆಯದು. ಬಿರುಕಪ್ಪ ಒಂದೇ ಓಟಕ್ಕೆ ಹೋಗಿ ಅದನ್ನು ಎತ್ತಿಕೊಂಡು ಬಂದ. ಹಿಂದೆ ಬಾಗಿಲು ದಡ್ಡೆಂದು ಮುಚ್ಚಿಕೊಂಡದ್ದಾಗಲಿ, ಅದರ ಚಿಲಕ ಕೆಟ್ಟಿದ್ದಾಗಲಿ, ನಿರ್ದೇಶಕರು ಒಳಗೇ ಇದ್ದದ್ದಾಗಲಿ ಅವನ ತಲೆಗೆ ಬರಲಿಲ್ಲ.

ಮೂರು ಗಂಟೆಗೆ ಯಂತ್ರ ಎಳೆಯಿತು, ಒತ್ತಿತು, ಮತ್ತೆ ಎಳೆಯಿತು. ಮುಳ್ಳು ಐವತ್ತು. ಅರವತ್ತು. ಎಪ್ಪತ್ತಕ್ಕೆ ಪೈಪು ಢಮಾರೆಂದು ಬಾಯಿಬಿಟ್ಟಿತು.

ತಜ್ಞರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಹಿರಿಯರು ಬಿರುಕಪ್ಪನ ಕೈ ಹಿಡಿದುಕೊಂಡರು.

“ನೀವು ಹೇಳಿದ್ದೇ ಸರಿ ಕಣ್ರೀ. ಎಳೆ ಬಿರುಕಿನ ಪೈಪೂ ಹೀಗೇ ಸೋಲುತ್ತಾ? ಸೋಮವಾರ ಕಪಾಟಿನಲ್ಲಿರೋ ಆ ಹನ್ನೊಂದನ್ನೂ ತೋರಿಸಿಬಿಡಿ, ಯಂತ್ರ ನಿಮ್ಮದೇ.”

ಬಿರುಕಪ್ಪ ನೆಲದ ಮೇಲಿರಲಿಲ್ಲ. ಸಹೋದ್ಯೋಗಿಗಳು ಅವನನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲ ತನಕ ಮೆರೆಸಿದರು. ಉಗ್ರಾಣದವನು ತಾನು ಬಿರುಕಪ್ಪನಿಗೆಂದು ಖಾಲಿ ಮಾಡಿಟ್ಟಿದ್ದ ಮೇಜನ್ನು ವಾಪಸು ಒಳಗೆಳೆದುಕೊಂಡ.

ಐದು ಗಂಟೆಗೆ ನಿರ್ದೇಶಕರ ಆದೇಶ ಬಂತು. ಬೆಳಗ್ಗಿನಿಂದ ಒಳಗೆ ಸಿಕ್ಕಿಕೊಂಡಿದ್ದ ತಮ್ಮನ್ನು ಚಿಲಕ ಕತ್ತರಿಸಿ ಬಿಡಿಸಿದ ಬೆಸುಗೆಗಾರರ ಸೇವೆ ಎರಡು ವರ್ಷ ಮುಂದುವರಿಕೆ. ಬಿರುಕು ಎಷ್ಟು ಅಪಾಯವೆಂದು ಇಂದು ಸಾಬೀತಾಗಿರುವುದರಿಂದ, ಈ ಕಟ್ಟಡದಲ್ಲಿ ಇನ್ನು ಒಂದೂ ಬಿರುಕು ಉಳಿಯಕೂಡದು.

ಬಿರುಕಪ್ಪ ಕಪಾಟಿನ ಕೋಣೆಗೆ ಓಡಿದ. ಹನ್ನೊಂದು ಪೈಪುಗಳೂ ಸಾಲಾಗಿ ಹೊಳೆಯುತ್ತಿದ್ದವು.

“ಸಾಹೇಬರು ಆಗ್ಲೇ ಬಾಯಲ್ಲಿ ಹೇಳಿದ್ರು ಸಾರ್, ಎಲ್ಲಾ ಮುಗಿಸ್ಬಿಟ್ಟೆ,” ಎಂದ ಬೆಸುಗೆಯಣ್ಣ. “ಸೋಮವಾರ ನಿಮ್ಮ ಮರ್ಯಾದೆಗೆ ಏನೂ ಆಗ್ಬಾರ್ದು ನೋಡಿ.”

ಬಿರುಕಪ್ಪ ಒಂದೊಂದಕ್ಕೂ ಉಗುರು ಹಾಕಿ ನೋಡಿದ. ಸಿಗಲಿಲ್ಲ.