ಅವ್ವನ ವಿಚಾರಣೆ

ಓದಿದ್ದು ಬದುಕಿಗೆ ಉಪಯೋಗಕ್ಕೆ ಬರಲಿಲ್ಲ ಎಂದು ಗೊಣಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ನನ್ನ ಓದು ಉಪಯೋಗಕ್ಕೆ ಬಂತು. ಆದರೆ ನನ್ನ ಮೇಲೆಯೇ. ಇಂಗ್ಲೆಂಡಿನ ಒಂದು ಕಾಲೇಜಿನಲ್ಲಿ ಅಪರಾಧ ಮನಶ್ಶಾಸ್ತ್ರ ಓದುತ್ತಿದ್ದೇನೆ. ಮನುಷ್ಯ ತಪ್ಪು ಯಾಕೆ ಮಾಡುತ್ತಾನೆ, ಹೇಗೆ ಮುಚ್ಚಿಡುತ್ತಾನೆ, ಯಾವಾಗ ಬಾಯಿ ಬಿಡುತ್ತಾನೆ ಎಂಬುದೇ ನಮ್ಮ ಪಾಠ. ಇದನ್ನು ನಮ್ಮೂರು ಹತ್ತಿಮತ್ತೂರಿನಲ್ಲಿ ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. "ಕಳ್ಳರು ಇಲ್ಲೇನ ಕಡಿಮಿ ಅದಾರೇನ, ಅಷ್ಟು ದೂರ ಹೋಗಿ ನೋಡಾಕ?" ಎಂದು ಪಕ್ಕದ ಮನೆಯ ಗಂಗಕ್ಕ ಕೇಳಿಯೇಬಿಟ್ಟಳು.

ಈ ಸಲ ರಜೆಗೆ ಬರುವಾಗ ನಮ್ಮ ಮೇಡಂ ಒಂದು ಕೆಲಸ ಕೊಟ್ಟಿದ್ದರು. ಯಾರಾದರೂ ತಾವು ಮುಚ್ಚಿಟ್ಟ ಸಣ್ಣ ತಪ್ಪೊಂದನ್ನು ಒಪ್ಪಿಕೊಳ್ಳುವ ಮಾತುಕತೆಯನ್ನು, ಅವರ ಅನುಮತಿ ಪಡೆದು, ರೆಕಾರ್ಡ್ ಮಾಡಿ ತರಬೇಕು. ಇದರಲ್ಲಿ ಪಾಸಾಗದಿದ್ದರೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲ. ಮೊದಲು ಗಂಗಕ್ಕನನ್ನು ಕೂರಿಸಿಕೊಂಡೆ. ಒಂದು ತಾಸು ಮಾತಾಡಿದಳು. ಓಣಿಯವರ ತಪ್ಪೆಲ್ಲ ಬಂತು, ಅವಳದು ಒಂದೂ ಬರಲಿಲ್ಲ. ಕೊನೆಗೆ ಶೇಂಗಾ ಸುಲಿಯುತ್ತಿದ್ದ ಅವ್ವನನ್ನು ಒಪ್ಪಿಸಿ, ಅವಳ ಮುಂದೆ ಫೋನಿಟ್ಟೆ.

"ಅವ್ವಾ, ನನ್ನಿಂದ ಏನರ ಮುಚ್ಚಿಟ್ಟಿಯೇನು?"

ಅವ್ವನ ಕೈ ನಿಂತಿತು. "ನಿನ್ನ ಪಾಸ್‌ಪೋರ್ಟ್ ಕಳದಿತ್ತಲ್ಲ, ಅದನ್ನ ನಾನ ಜ್ವಾಳದ ಚೀಲದಾಗ ಇಟ್ಟಿದ್ದೆ."

ನಾನು ಮೊದಲ ಸಲ ಹೊರಡುವ ಮುಂಚೆ ಎರಡು ದಿನ ಪಾಸ್‌ಪೋರ್ಟ್ ಕಾಣೆಯಾಗಿತ್ತು. ಅಪ್ಪನೇ ಸವಣೂರಿನ ಝೆರಾಕ್ಸ್ ಅಂಗಡಿಯಲ್ಲಿ ಮರೆತು ಬಂದಿದ್ದಾನೆ ಎಂದು ನಾನು ತೀರ್ಮಾನ ಕೊಟ್ಟಿದ್ದೆ. ಪಾಪ, ಎರಡು ಸಲ ಬಸ್ಸು ಹತ್ತಿ ಹೋಗಿ ಹುಡುಕಿಸಿದ್ದ.

"ಯಾಕವ್ವಾ?"

"ನೀ ಹೋಗೂದು ಬ್ಯಾಡ ಅನಸ್ತು. ಆಮ್ಯಾಲೆ ನೀ ಅಳಕೋತ ಹುಡುಕೂದು ನೋಡಿ ನಂಗ ತುತ್ತು ಇಳೀಲಿಲ್ಲ. ತಗದು ಟ್ರಂಕಿನ ಹಿಂದ ಹಾಕಿ, ‘ಇಲ್ಲೇ ಐತಲ್ಲ’ ಅಂದೆ."

ಅಂದು ಅವ್ವನನ್ನು ತಬ್ಬಿಕೊಂಡು, ನಿನ್ನ ಕಣ್ಣು ಎಷ್ಟು ಚುರುಕು ಎಂದು ಹೊಗಳಿದ್ದವಳು ನಾನೇ. ಮುಂದಿನ ಪ್ರಶ್ನೆಗಾಗಿ ಕೈಯಲ್ಲಿದ್ದ ಪಟ್ಟಿ ನೋಡಿದೆ, ಅಕ್ಷರಗಳೆಲ್ಲ ಮಂಜಾಗಿದ್ದವು.

"ನಂದು ಮುಗೀತು. ನಿಂದು ಹೇಳು. ಸಂಕ್ರಾಂತಿ ಮುಂದ ಫೋನಿನ್ಯಾಗ ನಿನ್ನ ದನಿ ಯಾಕ ಹಂಗಿತ್ತು?" ಎಂದಳು ಅವ್ವ.

"ನೆಗಡಿ ಆಗಿತ್ತು."

"ನೆಗಡಿ ಆದ್ರ ಮೂಗಿನಿಂದ ಮಾತಾಡ್ತಿ. ಅವತ್ತು ಎದಿಯಿಂದ ಮಾತಾಡಾಕತ್ತಿದ್ದಿ."

ಅಷ್ಟೇ ಸಾಕಾಯಿತು. ಒಂದು ವಿಷಯದಲ್ಲಿ ನಪಾಸಾಗಿದ್ದು, ಕ್ಲಾಸಿನಲ್ಲಿ ಬಾಯಿ ತೆರೆಯಲು ಹೆದರುತ್ತಿದ್ದುದು, ಗಂಟುಮೂಟೆ ಕಟ್ಟಿ ವಾಪಸು ಬರಬೇಕೆಂದುಕೊಂಡಿದ್ದು, ಎಲ್ಲವನ್ನೂ ಅತ್ತುಕೊಂಡು ಒಪ್ಪಿಸಿದೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. "ಒಂದ ವಿಷಯ ಹೌದಿಲ್ಲೊ? ಮತ್ತೊಮ್ಮೆ ಬರಿ. ಮುಚ್ಚಿಟ್ಕೊಂಡು ಒಬ್ಬಾಕೀನ ಕುಂದರಬ್ಯಾಡ. ಹೋಗು, ಓದು. ಈಗ ನಾನ ಹೇಳಾಕತ್ತೇನಿ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಅಪ್ಪನ ಚಿಂತೆಯೇ ಬೇರೆ. "ಅಂದ್ರ ಝೆರಾಕ್ಸ್ ಅಂಗಡಿಯವನ ಕೂಡ ನಾ ಸುಮ್ಮನ ಜಗಳಾ ತಗದ್ನೇನು?" ಮರುದಿನ ಬೆಳಿಗ್ಗೆ ಹೋಗಿ ಅವನಿಗೆ ಚಹಾ ಕುಡಿಸಿ ಬಂದ.

ಫೋನಿನಲ್ಲಿ ನನ್ನ ಅಳುವೂ ರೆಕಾರ್ಡಾಗಿತ್ತು, ಆದರೆ ಬೇರೆಯವರನ್ನು ಹುಡುಕಲು ಸಮಯವಿರಲಿಲ್ಲ. ಇದನ್ನೇ ಇಂಗ್ಲಿಷಿಗೆ ಅನುವಾದಿಸಿ, ಅಳುಕುತ್ತಲೇ ಮೇಡಂಗೆ ಒಪ್ಪಿಸಿದೆ. ಪಾಸಾದೆ, ಅದೂ ಒಳ್ಳೆಯ ಅಂಕಗಳೊಂದಿಗೆ. ಕೆಳಗೆ ಮೇಡಂ ಬರೆದಿದ್ದರು: "ವಿಚಾರಣೆ ನಡೆಸಿದ ರೀತಿ ಅಪರೂಪದ್ದು. ಆದರೆ ಮೊದಲ ಪುಟದಲ್ಲಿ ವಿಚಾರಣೆ ಮಾಡಿದವರ ಮತ್ತು ಉತ್ತರಿಸಿದವರ ಹೆಸರು ಅದಲುಬದಲಾದಂತಿದೆ. ಸರಿಪಡಿಸಿ."

ಅದಲುಬದಲೇನೂ ಆಗಿರಲಿಲ್ಲ. ಆದರೂ ನನ್ನ ಹೆಸರಿದ್ದ ಜಾಗದಲ್ಲಿ ಅವ್ವನ ಹೆಸರು, ಅವ್ವನದಿದ್ದಲ್ಲಿ ನನ್ನದು ಹಾಕಿ, ಮರುಮಾತಿಲ್ಲದೆ ಕಳಿಸಿಕೊಟ್ಟೆ.